ಬೇಸಿಗೆಯ ಹಿತ್ತಿಲು: ಬಿತ್ತನೆಯ ಕಾಲ ಮತ್ತು ಬೀಜದ ಲೆಕ್ಕ

(ಬೀಜ ವಿನಿಮಯದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪಂಚಾಂಗದ ಪ್ರಕಾರ ವಸಂತ ಋತುವಿನ ಆರಂಭ ಚೈತ್ರದಲ್ಲಿ, ಯುಗಾದಿಯಂದು. ಮಲೆನಾಡಿನ ಹಿತ್ತಿಲಿಗೆ ಮಾತ್ರ ವಸಂತವು ಅದಕ್ಕಿಂತ ಎರಡು ತಿಂಗಳು ಮೊದಲೇ ಬರುತ್ತದೆ. ಭತ್ತದ ಕೊಯ್ಲು ಮುಗಿದು, ಮಕರ ಸಂಕ್ರಾಂತಿ ಕಳೆದೊಡನೆ ಮನೆಯ ಹಿಂದಿನ ನೆಲವನ್ನು ಅಗೆದು ಹದಗೊಳಿಸುವ ಕೆಲಸ ಶುರುವಾಗಬೇಕು. ಶೀತದೇಶಗಳ ತೋಟಗಾರಿಕೆಯ ಪುಸ್ತಕಗಳು ವಸಂತದ ಬಿತ್ತನೆಯನ್ನು ಕೊನೆಯ ಹಿಮ ಬೀಳುವ ದಿನವನ್ನು ಆಧರಿಸಿ ನಿಗದಿ ಮಾಡುತ್ತವೆ. ಇಲ್ಲಿ ಹಿಮದ ಭಯವಿಲ್ಲ. ಇಲ್ಲಿಯ ಲೆಕ್ಕವನ್ನು ಹಿಡಿದಿರುವುದು ಮಳೆ. ಜೂನ್ ಮೊದಲ ವಾರದಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಯಾವ ಬೀಜವನ್ನು ಎಂದು ಮಣ್ಣಿಗೆ ಹಾಕಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹೀಗೆ ಎಣಿಸುವುದಕ್ಕೆ ಕಾರಣವಿದೆ. ಬೇಸಿಗೆಯ ಹಿತ್ತಿಲು ಸಾರು-ಪಲ್ಯಕ್ಕೆ ಕಾಯಿ ಕೊಡುವ ಜಾಗವೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಅದು ಮನೆಯ ಬೀಜೋತ್ಪಾದನಾ ಕೇಂದ್ರ. ಮಳೆಗಾಲದಲ್ಲಿಯೂ ಮಲೆನಾಡಿನಲ್ಲಿ ಬೆಂಡೆ, ಹೀರೆ, ಸೌತೆ ಸಮೃದ್ಧವಾಗಿ ಬೆಳೆಯುತ್ತವೆ. ಆದರೆ ಜುಲೈ-ಆಗಸ್ಟ್ ತಿಂಗಳ ಎಡೆಬಿಡದ ಮಳೆಯಲ್ಲಿ ಬೆಂಡೆಯ ಕೋಡು ಗಿಡದಲ್ಲಿಯೇ ಕಪ್ಪಾಗುತ್ತದೆ, ಬಳ್ಳಿಯಲ್ಲಿ ಬಿಟ್ಟ ಬೀಜದ ಕಾಯಿ ಕೊಳೆಯುತ್ತದೆ. ಕಾಯಿ ಪೂರ್ಣ ಬಲಿತು, ಬೀಜ ಗಟ್ಟಿಯಾಗಿ, ಬಿಸಿಲಿನಲ್ಲಿ ಒಣಗಿ ಡಬ್ಬ ಸೇರಲು ಅನುಕೂಲವಾದ ಕಾಲ ಫೆಬ್ರುವರಿಯಿಂದ ಮೇ ತಿಂಗಳವರೆಗಿನದು. ಒಂದು ಬೇಸಿಗೆ ಹಿತ್ತಿಲು ಖಾಲಿ ಬಿದ್ದರೆ ಆ ಮನೆಯ ತಳಿಗಳಿಗೆ ಒಂದು ವರ್ಷದ ಆಯುಷ್ಯ ಕಡಿಮೆಯಾದಂತೆ. ಎರಡು ಮೂರು ಬೇಸಿಗೆ ಖಾಲಿ ಬಿದ್ದರೆ ಬೆಂಡೆಯಂತಹ ಬೇಗ ಶಕ್ತಿ ಕಳೆದುಕೊಳ್ಳುವ ಬೀಜಗಳು ಮೊಳೆಯುವುದೇ ಸಂಶಯ. ಅಜ್ಜಿ ಕಾಪಾಡಿಕೊಂಡು ಬಂದ ತಳಿಯು ಸೊಸೆಯ ಕಾಲಕ್ಕೆ ಇಲ್ಲವಾಗುವುದು ಸಾಮಾನ್ಯವಾಗಿ ಹೀಗೆಯೇ. ಯಾರೂ ಅದನ್ನು ಬೇಕೆಂದು ಬಿಟ್ಟಿರುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಬದನೆಯನ್ನು ಮೊದಲು ಸಸಿಮಡಿಯಲ್ಲಿ ಅಗೆ ಹಾಕಬೇಕು. ಸಸಿ ನಾಟಿಗೆ ಬರಲು ಸುಮಾರು 35 ದಿನ, ನಾಟಿಯಿಂದ ಹೂವಿಗೆ ಸುಮಾರು 45 ದಿನ, ಹೂವಿನಿಂದ ಕಾಯಿ ಬಲಿತು ಹಳದಿಯಾಗಲು ಮತ್ತೆ 50ರಿಂದ 55 ದಿನ. ಒಟ್ಟು 130 ದಿನಗಳಿಗೂ ಹೆಚ್ಚು. ಆದ್ದರಿಂದ ಬದನೆಯ ಅಗೆ ಸಂಕ್ರಾಂತಿಯ ಆಸುಪಾಸಿನಲ್ಲಿಯೇ ಬೀಳಬೇಕು. ತಿನ್ನುವುದಕ್ಕಷ್ಟೇ ಆದರೆ ತಿಂಗಳು ತಡವಾದರೂ ನಡೆಯುತ್ತದೆ, ಬೀಜಕ್ಕೆ ನಡೆಯುವುದಿಲ್ಲ. ಮೆಣಸಿನ ಕಥೆಯೂ ಇದೇ. ಮೊಗೆಕಾಯಿ ಬಿತ್ತನೆಯಿಂದ ಸುಮಾರು ಮೂರು ತಿಂಗಳಿಗೆ ಹಣ್ಣಾಗುತ್ತದೆ. ರಥಸಪ್ತಮಿಯ ಹೊತ್ತಿಗೆ ಬಿತ್ತಿದರೆ ಮೇ ತಿಂಗಳಿನಲ್ಲಿ ಕಾಯಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗಹಾಕಬಹುದು. ಬೆಂಡೆಗೆ 85ರಿಂದ 90 ದಿನ ಸಾಕು, ಆದರೆ ಚಳಿ ಇಳಿಯದೆ ಅದನ್ನು ಬಿತ್ತಬಾರದು. ಮಣ್ಣು ತಣ್ಣಗಿದ್ದರೆ ಬೆಂಡೆ ಬೀಜ ಮೊಳೆಯದೆ ಕೂತು ಕೊಳೆಯುತ್ತದೆ. ಶಿವರಾತ್ರಿಗೆ ಚಳಿಯು ‘ಶಿವ ಶಿವ’ ಎನ್ನುತ್ತ ಹೋಗುತ್ತದೆಂಬ ಮಾತು ಬೆಂಡೆ ಬಿತ್ತುವವರಿಗೆ ಒಳ್ಳೆಯ ಗುರುತು. ಬಿತ್ತುವ ಹಿಂದಿನ ರಾತ್ರಿ ಬೀಜವನ್ನು ನೀರಿನಲ್ಲಿ ನೆನೆಹಾಕಿದರೆ ಎರಡು ಮೂರು ದಿನ ಉಳಿಯುತ್ತದೆ.

ಸಸಿಮಡಿಯ ವಿಷಯದಲ್ಲಿ ಹೆಚ್ಚಿನ ತಪ್ಪುಗಳಾಗುವುದು ಅತಿಯಾದ ಪ್ರೀತಿಯಿಂದ. ಒತ್ತೊತ್ತಾಗಿ ಬೀಜ ಚೆಲ್ಲುವುದು, ದಿನಕ್ಕೆ ಮೂರು ಬಾರಿ ನೀರು ಹೊಯ್ಯುವುದು, ಮೊಳಕೆ ಬಂದ ಮೇಲೂ ಹುಲ್ಲಿನ ಹೊದಿಕೆಯನ್ನು ತೆಗೆಯದಿರುವುದು, ಈ ಮೂರೂ ಸೇರಿದರೆ ಎಳೆಯ ಸಸಿಗಳು ಬುಡದಲ್ಲಿ ನೀರುಗಟ್ಟಿ ಒಂದೇ ರಾತ್ರಿಯಲ್ಲಿ ಮಲಗುತ್ತವೆ. ಮಡಿಯು ಒಂದು ಗೇಣು ಎತ್ತರವಿರಲಿ, ಬೀಜವನ್ನು ನಾಲ್ಕು ಬೆರಳು ಅಂತರದ ಗೆರೆಗಳಲ್ಲಿ ತೆಳ್ಳಗೆ ಬಿತ್ತಲಿ, ಮೊಳಕೆ ಕಂಡ ದಿನವೇ ಹೊದಿಕೆ ತೆಗೆಯಲಿ. ಹರಿವೆಯ ಬೀಜವನ್ನು ಇರುವೆ ಹೊತ್ತೊಯ್ಯುತ್ತದೆ. ಅದಕ್ಕೆ ಮಡಿಯ ಸುತ್ತ ಹಿಡಿ ಅಕ್ಕಿತರಿ ಚೆಲ್ಲಿದರೆ ಇರುವೆಗಳು ಬೀಜವನ್ನು ಬಿಟ್ಟು ಅದಕ್ಕೆ ಮುತ್ತುತ್ತವೆ. ಸೌತೆ, ಹೀರೆ, ಕುಂಬಳ, ಹಾಗಲಗಳ ಬೇರಿಗೆ ಕಿತ್ತು ನೆಡುವುದು ಆಗಿಬರುವುದಿಲ್ಲ. ಅವನ್ನು ನೇರವಾಗಿ ಗುಣಿಯಲ್ಲಿ ಬಿತ್ತುವುದು ಲೇಸು. ಹುಳು, ಹಕ್ಕಿಗಳ ಕಾಟವಿದ್ದರೆ ಎಲೆಯ ದೊನ್ನೆಯಲ್ಲಿ ಮೊಳೆಯಿಸಿ ದೊನ್ನೆಯ ಸಮೇತ ನೆಡಬಹುದು. ಪ್ಲಾಸ್ಟಿಕ್ ಚೀಲದ ಅಗತ್ಯ ಎಲ್ಲಿಯೂ ಇಲ್ಲ.

ಸುಡುಮಣ್ಣಿನ ಬಗ್ಗೆ ವಿದ್ಯಾರ್ಥಿಗಳು ಆಗಾಗ ಪ್ರಶ್ನಿಸುವುದುಂಟು. ದರಕಿನ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಸುಟ್ಟಾಗ ಕಳೆಯ ಬೀಜಗಳೂ ರೋಗದ ಶಿಲೀಂಧ್ರಗಳೂ ಸಾಯುತ್ತವೆ, ಬೂದಿಯಿಂದ ಪೊಟ್ಯಾಷ್ ದೊರೆಯುತ್ತದೆ, ಹುಳಿಮಣ್ಣಿನ ಆಮ್ಲತೆ ತುಸು ತಗ್ಗುತ್ತದೆ. ಆದರೆ ಸಾವಯವ ಅಂಶವೂ ಸಾರಜನಕವೂ ಅದರೊಂದಿಗೆ ಸುಟ್ಟುಹೋಗುತ್ತವೆ. ಎರಡು ಬುಟ್ಟಿ ಸುಡುಮಣ್ಣು ಸಸಿಮಡಿಗೆ ಸಾಕು. ಇಡೀ ಹಿತ್ತಿಲಿಗಾಗಿ ಸೊಪ್ಪಿನಬೆಟ್ಟದ ದರಕನ್ನು ಗುಡಿಸಿ ತಂದು ಸುಡುವುದು ಬೆಟ್ಟಕ್ಕೂ ಹಿತ್ತಿಲಿಗೂ ನಷ್ಟ. ದರಕು ಸುಡುವುದಕ್ಕಿಂತ ಹೊದಿಸುವುದಕ್ಕೆ ಯೋಗ್ಯವಾದ ವಸ್ತು.

ಹೊದಿಕೆಯ ಮಾತು ನೀರಿನ ಮಾತಿಗೆ ಒಯ್ಯುತ್ತದೆ. ಬೇಸಿಗೆಯಲ್ಲಿ ತರಕಾರಿ ಮಡಿಯ ಒಂದು ಚದರ ಮೀಟರ್ ನೆಲಕ್ಕೆ ದಿನಕ್ಕೆ ಸುಮಾರು 4ರಿಂದ 5 ಲೀಟರ್ ನೀರು ಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಡಿಗೆ 40 ಲೀಟರಿನ ಮೇಲೆ, ಅಂದರೆ 15 ಲೀಟರಿನ ಮೂರು ಕೊಡ. ಪಾತ್ರೆ ತೊಳೆದ, ಅಕ್ಕಿ-ತರಕಾರಿ ತೊಳೆದ ನೀರನ್ನು ಚರಂಡಿಗೆ ಬಿಡದೆ ಮಡಿಗೆ ತಿರುಗಿಸಿದರೆ ಇದರ ದೊಡ್ಡ ಪಾಲು ಅಲ್ಲಿಯೇ ಸಿಗುತ್ತದೆ. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವ ಊರುಗಳಲ್ಲಿ ಈ ಲೆಕ್ಕವನ್ನು ಫೆಬ್ರುವರಿಯಲ್ಲಿಯೇ ಹಾಕಿಕೊಂಡು, ಮಡಿಯ ಗಾತ್ರವನ್ನು ನೀರಿಗೆ ತಕ್ಕಂತೆ ಇಟ್ಟುಕೊಳ್ಳುವುದು ವಿವೇಕ. ನಾಲ್ಕು ಮಡಿ ಮಾಡಿ ನಾಲ್ಕನ್ನೂ ಅರ್ಧ ಬಾಯಾರಿಸುವುದರಿಂದ ಸೌತೆಯು ಕಹಿಯಾಗುತ್ತದೆಯೇ ಹೊರತು ಬೇರೇನೂ ಸಾಧಿಸಿದಂತಾಗುವುದಿಲ್ಲ.

ಬದನೆ, ಟೊಮ್ಯಾಟೊಗಳಿಗೆ ಮಲೆನಾಡಿನ ಹುಳಿಮಣ್ಣಿನಲ್ಲಿ ಬರುವ ದೊಡ್ಡ ಆಪತ್ತು ಸೊರಗು ರೋಗ. ಹಸಿರಾಗಿದ್ದ ಗಿಡ ಮಧ್ಯಾಹ್ನ ಬಾಡಿ, ಎರಡು ಮೂರು ದಿನಗಳಲ್ಲಿ ಎಲೆ ಹಳದಿಯಾಗದೆಯೇ ಸಾಯುತ್ತದೆ. ಕಾಂಡವನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ನಿಲ್ಲಿಸಿದಾಗ ಹಾಲಿನಂತಹ ಎಳೆ ಇಳಿದರೆ ಅದು ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದ ಕೆಲಸ. ಇದಕ್ಕೆ ಸಿಂಪಡಿಸುವ ಔಷಧಿಯನ್ನು ಹುಡುಕುವುದು ವ್ಯರ್ಥ. ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಅದೇ ಮಡಿಯಲ್ಲಿ ಬದನೆ, ಟೊಮ್ಯಾಟೊ, ಮೆಣಸು, ಆಲೂಗಡ್ಡೆಗಳನ್ನು ಮತ್ತೆ ಕೆಲವು ವರ್ಷ ಬೆಳೆಯಬಾರದು. ಕಾಡಿನಂಚಿನಲ್ಲಿ ತಾನಾಗಿ ಬೆಳೆಯುವ ಸುಂಡೆ ಗಿಡಕ್ಕೆ ಈ ರೋಗವನ್ನು ತಾಳುವ ಶಕ್ತಿಯಿದ್ದು, ಅದರ ಬುಡಕ್ಕೆ ಬದನೆಯ ಕುಡಿಯನ್ನು ಕಸಿ ಕಟ್ಟಬಹುದು. ಹೈಸ್ಕೂಲಿನ ವಿದ್ಯಾರ್ಥಿಗಳು ಒಂದು ರಜಾದಿನದಲ್ಲಿ ಕಲಿಯಬಹುದಾದ ಕೆಲಸವಿದು.

ತಳಿಗಳ ಪ್ರಶ್ನೆಯಲ್ಲಿ ಒಂದು ಗೊಂದಲ ನಿವಾರಣೆಯಾಗಬೇಕು. ಅಂಗಡಿಯಿಂದ ತಂದ ಬೀಜವೆಲ್ಲ ಒಂದೇ ಅಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಅರ್ಕಾ ಅನಾಮಿಕಾ ಬೆಂಡೆಯು ಹಳದಿ ನಂಜುರೋಗವನ್ನು ತಾಳುವ ಸ್ಥಿರ ತಳಿ. ಅದರ ಬೀಜವನ್ನು ಮನೆಯಲ್ಲಿಯೇ ಹಿಡಿದು ಮುಂದಿನ ವರ್ಷ ಬಿತ್ತಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮ್ಯಾಟೊ ಸಂಕರ ತಳಿ. ಸೊರಗು ರೋಗವನ್ನೂ ತಾಳುತ್ತದೆ, ಇಳುವರಿಯೂ ಉತ್ತಮ, ಆದರೆ ಅದರ ಹಣ್ಣಿನ ಬೀಜದಿಂದ ಹುಟ್ಟುವ ಗಿಡಗಳು ತಾಯಿಯಂತಿರದೆ ಚದುರಿಹೋಗುತ್ತವೆ. ಸಂಕರ ತಳಿಯನ್ನು ಬೆಳೆಯುವುದು ಪಾಪವೇನಲ್ಲ. ಹಿತ್ತಿಲನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟರೆ ಪ್ರತಿ ವರ್ಷ ಅಂಗಡಿಯ ಬಾಗಿಲಿನಲ್ಲಿ ನಿಲ್ಲಬೇಕಾಗುತ್ತದೆಂಬುದು ತಿಳಿದಿರಬೇಕು, ಅಷ್ಟೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತರಿಗೆ ನೀಡಿದೆ. ನೋಂದಾಯಿತ ತಳಿಯನ್ನು ಬ್ರಾಂಡಿನ ಹೆಸರಿನಲ್ಲಿ ಮಾರುವುದನ್ನು ಮಾತ್ರ ನಿಷೇಧಿಸಿದೆ. ಕಾನೂನು ಹಕ್ಕನ್ನು ಕೊಡಬಲ್ಲದು, ಬೀಜವನ್ನು ಕೊಡಲಾರದು. ಉಡುಪಿಯ ಮಟ್ಟು ಗ್ರಾಮದವರು ತಮ್ಮ ಗುಳ್ಳ ಬದನೆಯನ್ನು ತಲೆಮಾರುಗಳಿಂದ ಬಿಡದೆ ಬೆಳೆದುಕೊಂಡು ಬಂದುದರಿಂದಲೇ 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬಿಟಿ ಬದನೆಯನ್ನು 2010ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ತಡೆಹಿಡಿದ ಸಂದರ್ಭದ ಚರ್ಚೆಗಳಲ್ಲಿ ಸ್ಥಳೀಯ ಬದನೆಗಳ ಹೆಸರು ಕೇಳಿಬರಲು ಅವು ಇನ್ನೂ ಹೊಲ-ಹಿತ್ತಿಲುಗಳಲ್ಲಿ ಜೀವಂತವಾಗಿದ್ದುದೇ ಕಾರಣ.

ಬೀಜ ಹಿಡಿಯುವವರಿಗೆ ಹೂವಿನ ಸ್ವಭಾವ ತಿಳಿದಿರಬೇಕು. ಅಲಸಂದೆ, ಅವರೆ, ಟೊಮ್ಯಾಟೊಗಳು ಬಹುಮಟ್ಟಿಗೆ ಸ್ವಪರಾಗಸ್ಪರ್ಶಿಗಳು. ಎರಡು ತಳಿ ಅಕ್ಕಪಕ್ಕದಲ್ಲಿದ್ದರೂ ಹೆಚ್ಚು ಬೆರೆಯುವುದಿಲ್ಲ. ಮೆಣಸು ಸಾಕಷ್ಟು ಬೆರೆಯುತ್ತದೆ. ಮೊಗೆಕಾಯಿ ಮುಳ್ಳುಸೌತೆಯೊಂದಿಗೆ ಬೆರೆತು ಕೆಡುತ್ತದೆಂಬ ನಂಬಿಕೆ ಸರಿಯಲ್ಲ. ಮೊಗೆಕಾಯಿಯು ಕರಬೂಜದ ಜಾತಿಗೆ ಸೇರಿದ್ದು, ಮುಳ್ಳುಸೌತೆಯದೇ ಬೇರೆ ಜಾತಿ. ಅದು ಬೆರೆಯುವುದು ಕರಬೂಜ, ಇಬ್ಬುಡ್ಲುಗಳೊಂದಿಗೆ. ಶುದ್ಧ ಬೀಜ ಬೇಕಾದವರು ಮರುದಿನ ಅರಳಲಿರುವ ಗಂಡು ಮತ್ತು ಹೆಣ್ಣು ಮೊಗ್ಗುಗಳನ್ನು ಹಿಂದಿನ ಸಂಜೆ ನೂಲಿನಿಂದ ಕಟ್ಟಿ, ಬೆಳಿಗ್ಗೆ ಬಿಚ್ಚಿ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಬೇಕು. ಹೀರೆಗೆ ಈ ವೇಳಾಪಟ್ಟಿ ತಿರುಗುಮುರುಗು. ಅದರ ಹೂವು ಅರಳುವುದು ಸಂಜೆ. ಬೆಳಿಗ್ಗೆ ಅರಳುವ ಉಳಿದ ಬಳ್ಳಿಗಳಿಗೆ ತುಡುವೆ ಜೇನು ಸಾಕಷ್ಟು ಕೆಲಸ ಮಾಡಿಕೊಡುತ್ತದೆ. ಕೀಟನಾಶಕ ಹೊಡೆದ ಹಿತ್ತಿಲಿಗೆ ಮಾತ್ರ ಅದು ಬಾರದು.

ಹೂಗಿಡಗಳನ್ನು ಹೆಂಗಸರ ಹವ್ಯಾಸವೆಂದು ಬದಿಗೆ ಸರಿಸುವ ಅಭ್ಯಾಸವಿದೆ, ಅದು ಅವಿವೇಕ. ಚೆಂಡುಹೂವಿನ ಬೇರಿನಿಂದ ಒಸರುವ ದ್ರವ್ಯವು ಬೇರುಗಂಟು ಮಾಡುವ ಜಂತುಹುಳುವನ್ನು ತಗ್ಗಿಸುತ್ತದೆ. ಟೊಮ್ಯಾಟೊದ 14-16 ಸಾಲಿಗೆ ಒಂದು ಸಾಲು ಚೆಂಡುಹೂವು ನೆಟ್ಟರೆ ಕಾಯಿಕೊರಕದ ಪತಂಗವು ಹೂವಿನ ಮೇಲೆ ಮೊಟ್ಟೆಯಿಡುತ್ತದೆ. ಎರಡೂ ಒಟ್ಟಿಗೆ ಹೂಬಿಡಬೇಕಾದ್ದರಿಂದ ನಾಟಿಯ ದಿನ ಚೆಂಡುಹೂವಿನ ಸಸಿ 45 ದಿನದ್ದೂ ಟೊಮ್ಯಾಟೊದ್ದು 25 ದಿನದ್ದೂ ಆಗಿರಬೇಕು. ಅರ್ಥಾತ್ ಹೂವಿನ ಬೀಜ 20 ದಿನ ಮೊದಲೇ ಮಡಿಗೆ ಬೀಳಬೇಕು. ಡೇರೆ ಗಡ್ಡೆಗಳನ್ನು ಈಗ ಎಬ್ಬಿಸುವ ಆತುರ ಬೇಡ. ಒಣ ಮರಳಿನಲ್ಲಿ ಮಲಗಿರಲಿ, ಮೇ ತಿಂಗಳ ಮೊದಲ ಮಳೆಗೆ ತಾವೇ ಕಣ್ಣು ತೆರೆಯುತ್ತವೆ.

ಮಂಗ ಮುಟ್ಟದ ತರಕಾರಿ ಯಾವುದೆಂಬುದು ಪ್ರತಿ ಸಭೆಯಲ್ಲಿಯೂ ಏಳುವ ಪ್ರಶ್ನೆ. ಕೆಸು, ಹಾಗಲ, ಸೂಜಿಮೆಣಸುಗಳನ್ನು ಅವು ಬಹುಮಟ್ಟಿಗೆ ಬಿಡುತ್ತವೆ. ಉಳಿದುದಕ್ಕೆ ಮನೆಯ ಬಾಗಿಲಿನ ಸಮೀಪದ ಮಡಿ ಮತ್ತು ಎಚ್ಚರವಾಗಿರುವ ನಾಯಿ, ಇವೆರಡಕ್ಕಿಂತ ಉತ್ತಮ ಉಪಾಯ ತಿಳಿದವರಿದ್ದರೆ ದಯವಿಟ್ಟು ಹಂಚಿಕೊಳ್ಳಬೇಕು.

ಕಡೆಯದಾಗಿ ಬೀಜವನ್ನು ಇಡುವ ವಿಧಾನ. ಬೀಜದ ತೇವಾಂಶ ಶೇಕಡಾ 1ರಷ್ಟು ಕಡಿಮೆಯಾದಂತೆಲ್ಲ ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆಂಬುದು ಬೀಜಶಾಸ್ತ್ರದ ಪ್ರಸಿದ್ಧ ಸೂತ್ರ. ಹಿಂದಿನವರು ಸೌತೆ ಬೀಜವನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ಬಡಿಯುತ್ತಿದ್ದರು, ಹೀರೆಯ ಒಣಕಾಯಿಯನ್ನು ಇಡಿಯಾಗಿ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದರು. ಮಳೆಗಾಲವಿಡೀ ಏಳುತ್ತಿದ್ದ ಹೊಗೆಯೂ ಶಾಖವೂ ಬೀಜವನ್ನು ಒಣಗಿಸಿಯೇ ಇಡುತ್ತಿದ್ದವು, ಹುಳುವನ್ನು ದೂರವಿಡುತ್ತಿದ್ದವು. ಅಡುಗೆಮನೆಗೆ ಗ್ಯಾಸ್ ಒಲೆ ಬಂದು ತಾಯಂದಿರ ಕಣ್ಣು, ಶ್ವಾಸಕೋಶಗಳಿಗೆ ನೆಮ್ಮದಿ ದೊರೆತದ್ದು ದೊಡ್ಡ ಲಾಭ. ಅದೇ ಹೊತ್ತಿಗೆ ಅಟ್ಟವು ತಣ್ಣಗಾಯಿತು. ಹಳೆಯ ಜಾಗದಲ್ಲಿಯೇ ಇಟ್ಟ ಬೀಜಕ್ಕೆ ಬೂಷ್ಟು ಬರುತ್ತಿರುವುದರ ಕಾರಣ ಇದು, ಕೈಗುಣವಲ್ಲ. ಇದಕ್ಕೆ ಪರಿಹಾರ ಸುಲಭ. ಬದನೆಯ ಹಳದಿ ಕಾಯಿಯನ್ನು ನೀರಿನಲ್ಲಿ ಕಿವುಚಿ, ಮುಳುಗಿದ ಬೀಜವನ್ನಷ್ಟೇ ತೆಗೆದುಕೊಂಡು ನೆರಳಿನಲ್ಲಿ ಹರಡಬೇಕು. ಟೊಮ್ಯಾಟೊದ ಲೋಳೆಯನ್ನು ಒಂದೆರಡು ದಿನ ಹುಳಿಯಲು ಬಿಟ್ಟು ತೊಳೆಯಬೇಕು. ಸೌತೆ ಬೀಜವು ಬಗ್ಗಿಸಿದರೆ ಲಟ್ಟನೆ ಮುರಿಯುವಷ್ಟು ಒಣಗಬೇಕು. ಬಳಿಕ ಗಾಜಿನ ಬಾಟಲಿಯ ತಳಕ್ಕೆ ಎರಡು ಬೆರಳು ಹುರಿದು ಆರಿಸಿದ ಅಕ್ಕಿಯನ್ನೋ ಒಣಬೂದಿಯನ್ನೋ ಹಾಕಿ, ಬೀಜದ ಬಟ್ಟೆಗಂಟನ್ನು ಅದರ ಮೇಲಿಟ್ಟು, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಕು. ಈ ಕೆಲಸ ಮೇ ತಿಂಗಳಿನಲ್ಲಿಯೇ ಮುಗಿಯಲಿ. ಮಳೆ ಹಿಡಿದ ಮೇಲೆ ಬಾಟಲಿಯನ್ನು ತೆರೆಯಬಾರದು. ಗಂಟಿನೊಳಗೆ ಒಂದು ಚೀಟಿಯೂ ಇರಲಿ: ತಳಿಯ ಹೆಸರು, ಯಾರ ಮನೆಯಿಂದ ಬಂದುದು, ಎಷ್ಟು ಗಿಡದಿಂದ ಹಿಡಿದದ್ದು, ಯಾವ ವರ್ಷ. ಇದನ್ನು ಬರೆಯುವ ಹೊಣೆಯನ್ನು ಮನೆಯ ಶಾಲಾಮಕ್ಕಳಿಗೆ ವಹಿಸಬಹುದು.