ಎರಡು ಪರ್ಸೆಂಟಿನ ಆಚೆಗಿನ ಲೆಕ್ಕ



ಇಳಕಲ್ ಸೀರೆಯನ್ನು ಇನ್‌ಸ್ಟಾಗ್ರಾಂನಲ್ಲಿ ತೋರಿಸಿ ಮಾರುವ ಒಬ್ಬ ಹೆಣ್ಣುಮಗಳ ಲೆಕ್ಕದ ಪುಸ್ತಕವನ್ನು ಊಹಿಸಿಕೊಂಡರೆ ಇವತ್ತಿನ ವಿಷಯ ಬೇಗ ಕೈಗೆ ಸಿಗುತ್ತದೆ. ಸೀರೆಗೆ 3,500 ರೂಪಾಯಿ. ಗಿರಾಕಿ ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟುತ್ತಾರೆ. ಪೇಮೆಂಟ್ ಗೇಟ್‌ವೇ ಶೇ. 2 ಹಿಡಿದರೆ 70 ರೂಪಾಯಿ. ಆ ಎಪ್ಪತ್ತರ ಮೇಲೆ ಶೇ. 18ರ ಜಿಎಸ್‌ಟಿ 12 ರೂಪಾಯಿ 60 ಪೈಸೆ. ಖಾತೆಗೆ ಬಂದು ಬೀಳುವುದು 3,417 ರೂಪಾಯಿ 40 ಪೈಸೆ. ಇಷ್ಟು ಲೆಕ್ಕ ಎಲ್ಲರೂ ಹಾಕುತ್ತಾರೆ. ಹಾಕಿ, ಒಂದೂಮುಕ್ಕಾಲು ಪರ್ಸೆಂಟಿಗೆ ಯಾರು ಕೊಡುತ್ತಾರೆ ಎಂದು ಹುಡುಕಲು ಹೊರಡುತ್ತಾರೆ.

ಈಗ ಪುಸ್ತಕದ ಮುಂದಿನ ಪುಟ. ಫೋಟೊದಲ್ಲಿದ್ದ ಬಣ್ಣ ಸೀರೆಯಲ್ಲಿಲ್ಲ ಎಂದು ಗಿರಾಕಿ ವಾಪಸ್ ಕಳಿಸುತ್ತಾರೆ. 3,500 ರೂಪಾಯಿಯನ್ನು ಪೂರ್ತಿ ಹಿಂದಿರುಗಿಸಬೇಕು. ಆದರೆ ಮೊದಲು ಕಡಿದುಕೊಂಡ 82 ರೂಪಾಯಿ 60 ಪೈಸೆಯನ್ನು ಹಲವು ಕಂಪನಿಗಳು ವಾಪಸ್ ಕೊಡುವುದಿಲ್ಲ. ಹತ್ತು ಸೀರೆ ಮಾರಿ ಎರಡು ಮರಳಿದರೆ ಶುಲ್ಕ ಹೋಗಿರುವುದು ಹತ್ತಕ್ಕೆ, ಅಂದರೆ 826 ರೂಪಾಯಿ. ದುಡಿದದ್ದು ಎಂಟರಿಂದ, 28,000 ರೂಪಾಯಿ. ಎರಡು ಪರ್ಸೆಂಟ್ ಎಂದು ಒಪ್ಪಿಕೊಂಡದ್ದು ಮೂರರ ಹತ್ತಿರ ಬಂದು ನಿಂತಿದೆ. ಕೊರಿಯರ್ ಖರ್ಚು ಬೇರೆ. ಗೇಟ್‌ವೇ ಆರಿಸುವವರು ದರಪಟ್ಟಿಗಿಂತ ಮೊದಲು ಕರಾರುಪತ್ರ ಓದಬೇಕು ಎನ್ನುವುದೇ ಈ ವಿಚಾರ ಸಂಕಿರಣದ ಆಶಯ.

ಬಾಯಿಮಾತಿನಲ್ಲಿ ಎಲ್ಲವೂ ಗೇಟ್‌ವೇ. ಕಾನೂನಿನಲ್ಲಿ ಹಾಗಲ್ಲ. 2020ರ ಮಾರ್ಚ್ 17ರ ಮಾರ್ಗಸೂಚಿಯಲ್ಲಿ ಆರ್‌ಬಿಐ ಇದನ್ನು ಎರಡಾಗಿ ಬೇರ್ಪಡಿಸಿತು. ತಾಂತ್ರಿಕ ದಾರಿಯನ್ನಷ್ಟೇ ಒದಗಿಸಿ, ಹಣವನ್ನು ಮುಟ್ಟದವರು ಗೇಟ್‌ವೇ. ಗಿರಾಕಿಯಿಂದ ಹಣ ಪಡೆದು, ಇಟ್ಟುಕೊಂಡು, ಆಮೇಲೆ ವ್ಯಾಪಾರಿಗೆ ಸಂದಾಯ ಮಾಡುವವರು ಪೇಮೆಂಟ್ ಅಗ್ರಿಗೇಟರ್. ಸಣ್ಣ ವ್ಯಾಪಾರಿ ವ್ಯವಹರಿಸುವುದು ಸಾಮಾನ್ಯವಾಗಿ ಈ ಎರಡನೆಯವರ ಜೊತೆ. ಅಡಿಕೆ ಮಂಡಿಗೆ ಮಾಲು ಹಾಕುವ ಬೆಳೆಗಾರ ಕಮಿಷನ್ ಎಷ್ಟು ಎಂದಷ್ಟೇ ಕೇಳಿ ಬರುವುದಿಲ್ಲ, ದುಡ್ಡು ಯಾವತ್ತು ಕೊಡುತ್ತೀರಿ ಎಂದೂ ಕೇಳುತ್ತಾನೆ. ಆನ್‌ಲೈನಿಗೆ ಬಂದ ಕೂಡಲೇ ಆ ಎರಡನೆಯ ಪ್ರಶ್ನೆಯನ್ನು ವ್ಯಾಪಾರಿಗಳು ಯಾಕೆ ಮರೆಯುತ್ತಾರೋ!

ಇನ್ನೊಬ್ಬರ ಕೈಯಲ್ಲಿ ಹಣ ನಿಲ್ಲುತ್ತದೆ ಎಂದ ಮೇಲೆ ಆ ಕೈ ಯಾರದು ಎಂದು ತಿಳಿದಿರಬೇಕು. ಅದಕ್ಕಾಗಿಯೇ ಬ್ಯಾಂಕೇತರ ಅಗ್ರಿಗೇಟರ್‌ಗಳಿಗೆ ಅನುಮತಿ ಕಡ್ಡಾಯವಾಯಿತು. ಅರ್ಜಿ ಹಾಕುವಾಗ 15 ಕೋಟಿ, ಮುಂದೆ 25 ಕೋಟಿ ರೂಪಾಯಿ ನಿವ್ವಳ ಸಂಪತ್ತು ಇರಬೇಕೆಂಬ ಷರತ್ತು ಬಂತು. ವ್ಯಾಪಾರಿಗಳ ಹಣವನ್ನು ಕಂಪನಿಯ ಸ್ವಂತ ಹಣದ ಜೊತೆ ಬೆರೆಸದೆ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಡಬೇಕಾಯಿತು. 2022ರ ಕೊನೆಯಲ್ಲಿ ಕೆಲವು ದೊಡ್ಡ ಕಂಪನಿಗಳೂ ಅಂತಿಮ ಅನುಮತಿ ಸಿಗುವ ತನಕ ಹೊಸ ವ್ಯಾಪಾರಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಬೆಂಗಳೂರಿನ ರೇಜರ್‌ಪೇ, ಕ್ಯಾಶ್‌ಫ್ರೀಗಳಿಗೆ ಅಂತಿಮ ಅನುಮತಿ ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ. 2025ರ ಸೆಪ್ಟೆಂಬರ್ 15ರ ಹೊಸ ನಿರ್ದೇಶನ ಆನ್‌ಲೈನ್, ಅಂಗಡಿಯ ಕೌಂಟರ್, ಗಡಿಯಾಚೆ ಎಂದು ಅಗ್ರಿಗೇಟರ್‌ಗಳನ್ನು ಮೂರು ಬಗೆ ಮಾಡಿದೆ. ಅನುಮತಿ ಪಡೆದವರ ಪಟ್ಟಿ ಆರ್‌ಬಿಐ ಜಾಲತಾಣದಲ್ಲಿದೆ. ನೋಡಲು ಐದು ನಿಮಿಷ ಸಾಕು.

ಇನ್ನು ಹಣ ಬರುವ ದಿನ. ಕರಾರಿನಲ್ಲಿ ಸಾಮಾನ್ಯವಾಗಿ ಕಾಣುವುದು ‘ಟಿ ಪ್ಲಸ್ ಟೂ’, ಅಂದರೆ ವಹಿವಾಟಿನ ದಿನ ಬಿಟ್ಟು ಎರಡನೆಯ ಕೆಲಸದ ದಿನ. ಶುಕ್ರವಾರ ಸಂಜೆ ಮಾರಿದ ಸೀರೆಯ ಹಣ ಮಂಗಳವಾರ ಬರುತ್ತದೆ, ಸೋಮವಾರ ರಜೆಯಿದ್ದರೆ ಬುಧವಾರ. ಶನಿವಾರ ನೇಕಾರರಿಗೆ ಮಜೂರಿ ಬಟವಾಡೆ ಮಾಡಬೇಕಾದವರಿಗೆ ಈ ಮೂರು ನಾಲ್ಕು ದಿನ ಎಂದರೆ ಕೈಸಾಲ. ತಕ್ಷಣ ಹಣ ಬೇಕೆಂದರೆ ಅದಕ್ಕೂ ಒಂದು ಗುಂಡಿ ಇದೆ. ಒತ್ತಿದರೆ ಬೇರೆ ಶುಲ್ಕ. ದಿನಕ್ಕೆ ಐದು ಆರ್ಡರ್ ಕಾಣುವ ಖಾತೆಗೆ ದೀಪಾವಳಿ ವಾರದಲ್ಲಿ ಒಮ್ಮೆಲೇ ಐವತ್ತು ಬಂದರೆ ಕಂಪನಿಯ ರಿಸ್ಕ್ ವಿಭಾಗಕ್ಕೆ ಅನುಮಾನ ಹುಟ್ಟಿ, ವಿವರ ಸಿಗುವ ತನಕ ಸೆಟ್ಲ್‌ಮೆಂಟ್ ತಡೆಹಿಡಿಯುವುದೂ ಉಂಟು. ಹಬ್ಬದ ವ್ಯಾಪಾರ ಮಾಡುವವರು ಹದಿನೈದು ದಿನ ಮೊದಲೇ ಈಮೇಲ್ ಬರೆದಿಡುವುದು ಜಾಣತನ. ಆ ಈಮೇಲನ್ನು ಓದಿ ಉತ್ತರಿಸುವ ಮನುಷ್ಯರು ಆ ಕಡೆ ಇದ್ದಾರೆಯೇ ಎಂದು ಸೇರುವ ಮೊದಲೇ ಪರೀಕ್ಷಿಸಿದರೆ ಇನ್ನೂ ಒಳ್ಳೆಯದು.

ಸಣ್ಣವರನ್ನು ಹೆಚ್ಚು ಗಾಬರಿಗೊಳಿಸುವುದು ಚಾರ್ಜ್‌ಬ್ಯಾಕ್. ಸರಕು ತಲುಪಲಿಲ್ಲವೆಂದು ಕಾರ್ಡುದಾರರು ತಮ್ಮ ಬ್ಯಾಂಕಿಗೆ ದೂರು ಕೊಟ್ಟರೆ ಅದು ಅಗ್ರಿಗೇಟರ್ ಮೂಲಕ ವ್ಯಾಪಾರಿಯ ಇನ್‌ಬಾಕ್ಸಿಗೆ ಬಂದು ಕೂರುತ್ತದೆ. ಇಂತಿಷ್ಟು ದಿನದೊಳಗೆ ಪುರಾವೆ ಕೊಡಬೇಕು. ಕೊಡದಿದ್ದರೆ ಹಣ ಹೋಯಿತು, ಸೀರೆಯೂ ಹೋಯಿತು. ನಮ್ಮ ಕಡೆಯ ಎಷ್ಟೋ ವ್ಯಾಪಾರಿಗಳು ಮಾಲನ್ನು ಊರಿನ ಬಸ್ಸಿಗೆ ಪಾರ್ಸಲ್ ಹಾಕಿ, ನಂಬರನ್ನು ವಾಟ್ಸಾಪ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಆ ರಸೀದಿಯಲ್ಲಿ ಪಾರ್ಸಲ್ ಬಸ್ ಹತ್ತಿದ್ದಕ್ಕೆ ಸಾಕ್ಷಿ ಇರುತ್ತದೆ, ಗಿರಾಕಿಯ ಕೈ ಸೇರಿದ್ದಕ್ಕೆ ಇರುವುದಿಲ್ಲ. ಕಾರ್ಡಿನ ವ್ಯಾಪಾರ ಬೇಕೆನ್ನುವವರು ಸಹಿ ಅಥವಾ ಒಟಿಪಿ ಪಡೆದು ತಲುಪಿಸುವ ಕೊರಿಯರ್ ಹಿಡಿಯಬೇಕಾಗುತ್ತದೆ. ಹಣ ಕಡಿತವಾಗಿ ಆರ್ಡರ್ ದಾಖಲಾಗದ ಪ್ರಸಂಗ ಬೇರೆ. ಅದಕ್ಕೆ 2019ರ ಸೆಪ್ಟೆಂಬರ್ 20ರ ಆರ್‌ಬಿಐ ಸುತ್ತೋಲೆ ಗಡುವು ಹಾಕಿದೆ: ಆನ್‌ಲೈನ್ ಕಾರ್ಡ್ ಪಾವತಿಯಲ್ಲೂ ವ್ಯಾಪಾರಿಗೆ ಮಾಡುವ ಯುಪಿಐ ಪಾವತಿಯಲ್ಲೂ ಐದು ದಿನದೊಳಗೆ ಹಣ ತಾನಾಗಿ ಗಿರಾಕಿಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಫೋನ್ ಮಾಡಿ ರೇಗುವ ಗಿರಾಕಿಗೆ ಹೇಳಲು ಇದು ಗೊತ್ತಿರಬೇಕು.

ಕಂಪನಿಯ ಹಿಂದೆ ಯಾವ ಬ್ಯಾಂಕ್ ಇದೆ ಎಂಬುದೂ ಒಂದು ಪ್ರಶ್ನೆಯೇ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಅದನ್ನೇ ನೆಚ್ಚಿಕೊಂಡಿದ್ದ ಫೋನ್‌ಪೇ ಸೇವೆ ಮರುದಿನ ಸ್ತಬ್ಧವಾಗಿತ್ತು. 2024ರ ಜನವರಿ 31ರ ಆರ್‌ಬಿಐ ಆದೇಶದ ನಂತರ, ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಖಾತೆಗೆ ಹಣ ಪಡೆಯುತ್ತಿದ್ದ ವ್ಯಾಪಾರಿಗಳು ಮಾರ್ಚ್ 15ರೊಳಗೆ ಬೇರೆ ಬ್ಯಾಂಕಿಗೆ ಹೊರಳಬೇಕಾಯಿತು. ಎರಡನೆಯ ದಾರಿಯೊಂದನ್ನು ಇಟ್ಟುಕೊಂಡಿದ್ದವರಿಗೆ ತೊಂದರೆ ಕಡಿಮೆ. ಅದು ಇನ್ನೊಂದು ಅಗ್ರಿಗೇಟರೇ ಆಗಬೇಕೆಂದಿಲ್ಲ, ಬೇರೆ ಬ್ಯಾಂಕಿನ ಕ್ಯೂಆರ್ ಕೋಡ್ ಇದ್ದರೂ ನಡೆಯುತ್ತದೆ.

ಅಷ್ಟಕ್ಕೂ ಎಲ್ಲರಿಗೂ ಗೇಟ್‌ವೇ ಬೇಕಾಗಿಲ್ಲ. 2025ರ ಆಗಸ್ಟ್‌ನಲ್ಲಿ ದೇಶದ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಸಲ ತಿಂಗಳಿಗೆ 2,000 ಕೋಟಿ ದಾಟಿತು. ಬಾಗಿಲಿಗೆ ಬಂದ ಗಿರಾಕಿಗೆ ಮಾರುವ ಅಂಗಡಿಗೆ ಕ್ಯೂಆರ್ ಕೋಡೇ ಸಾಕು. ವಾಟ್ಸಾಪಿನಲ್ಲಿ ದಿನಕ್ಕೆ ನಾಲ್ಕಾರು ಆರ್ಡರ್ ಹಿಡಿಯುವವರಿಗೆ ಪೇಮೆಂಟ್ ಲಿಂಕ್ ಸಾಕು. ಸ್ವಂತ ವೆಬ್‌ಸೈಟಿನಲ್ಲಿ ಮಾರುವವರಿಗೆ ಪೂರ್ತಿ ವ್ಯವಸ್ಥೆ ಬೇಕು, ಅಲ್ಲಿ ಸರಕು ಮತ್ತು ಹಣ ವಾಪಸಾತಿಯ ನಿಯಮ, ಅವಧಿಗಳನ್ನು ಪ್ರಕಟಿಸಿರಲೂ ಬೇಕು. ಅಮೆರಿಕದ ಕನ್ನಡಿಗರಿಗೆ ಚಟ್ನಿಪುಡಿ ಕಳಿಸುವವರು ಗಡಿಯಾಚೆಯ ಅನುಮತಿ ಇರುವವರನ್ನೇ ಹುಡುಕಬೇಕು. ವಿದೇಶಿ ಕಾರ್ಡಿನ ದರವೂ ಹೆಚ್ಚು. 2020ರ ಜನವರಿಯಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಎಂಡಿಆರ್ (ಪಾವತಿಗೆ ವ್ಯಾಪಾರಿಯಿಂದ ಹಿಡಿಯುವ ಶುಲ್ಕ) ಇಲ್ಲ, ನಿಜ. ಆದರೂ ಪ್ಲಾಟ್‌ಫಾರ್ಮ್ ಶುಲ್ಕ ಎಂಬ ಹೆಸರಿನಲ್ಲಿ ಯುಪಿಐ ಪಾವತಿಗೂ ಹಣ ಹಿಡಿಯುವ ಅಗ್ರಿಗೇಟರ್‌ಗಳಿದ್ದಾರೆ. ಇನ್ನೊಂದು ಕಡೆ, 2,000 ರೂಪಾಯಿವರೆಗಿನ ಕಾರ್ಡ್ ಪಾವತಿಯ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಆರ್‌ಬಿಐ ನಿಯಂತ್ರಣದ ಅಗ್ರಿಗೇಟರ್‌ಗಳಿಗೂ ಅದು ಅನ್ವಯ ಎಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು. ಬಿಲ್ಲಿನಲ್ಲಿ ಅದು ಕಾಣುತ್ತಿದೆಯೇ ಎಂದು ನೋಡುವವರು ಎಷ್ಟು ಮಂದಿ?

ತೆರಿಗೆಯ ಮಾತು ಬಂದಾಗ 2025ರ ಜುಲೈ ನೆನಪಾಗದಿರದು. ಯುಪಿಐ ಜಮೆಗಳ ಮಾಹಿತಿ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ನಗದು ಮಾತ್ರ ಎಂಬ ಚೀಟಿ ಅಂಟಿತು. 25ರಂದು ಬಂದ್‌ಗೆ ಕರೆಯೂ ಬಿದ್ದು, ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ನಡೆಸಿದ ಮೇಲೆ ತಣ್ಣಗಾಯಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ಜಿಎಸ್‌ಟಿ ನೋಂದಣಿ ಮಿತಿ ಒಂದಾದರೆ, ತಮ್ಮನಿಂದ ಬಂದ ಕೈಗಡವೂ ಮಾರಾಟದ ಹಣವೂ ಒಂದೇ ಉಳಿತಾಯ ಖಾತೆಗೆ ಬಿದ್ದಿದ್ದರೆ ಯಾವುದು ಯಾವುದೆಂದು ತೋರಿಸುವ ಕಷ್ಟ ಇನ್ನೊಂದು. ಚಾಲ್ತಿ ಖಾತೆ ತೆರೆದು, ಆರ್ಡರ್, ಕಡಿತ, ವಾಪಸಾತಿಗಳನ್ನು ಬಿಡಿಬಿಡಿಯಾಗಿ ತೋರಿಸುವ ಸೆಟ್ಲ್‌ಮೆಂಟ್ ವರದಿ ಕೊಡುವ ಕಂಪನಿಗೆ ಸೇರಿದರೆ, ಒಂದಿಷ್ಟು ಹೆಚ್ಚು ತೆತ್ತರೂ ಅದು ನಷ್ಟವಲ್ಲ. ಸಾಮಾನ್ಯವಾಗಿ, ರಾಜ್ಯದಾಚೆಗೆ ಸರಕು ಕಳಿಸುವವರಿಗೆ ಆ 40 ಲಕ್ಷದ ರಿಯಾಯಿತಿ ಸಿಗುವುದಿಲ್ಲ ಎಂಬುದನ್ನೂ ಲೆಕ್ಕಪರಿಶೋಧಕರು ಇಲ್ಲಿ ಬಿಡಿಸಿ ಹೇಳಬೇಕು.

ಕೌಂಟರಿನ ಮೇಲಿನ ಸೌಂಡ್‌ಬಾಕ್ಸ್ ಕನ್ನಡದಲ್ಲಿ ಹಣ ಬಂತೆಂದು ಕೂಗುತ್ತದೆ. ಆ ಹಣವನ್ನು ಯಾವಾಗ ತಡೆಹಿಡಿಯಬಹುದು ಎನ್ನುವ ಕರಾರು ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಉದ್ದುದ್ದ ಪುಟಗಳ ಕೊನೆಗೆ ಒಪ್ಪಿಗೆ ಎಂಬ ಚೌಕಕ್ಕೆ ಗುರುತು ಹಾಕಿಸಿಕೊಳ್ಳುವ ಈ ಪದ್ಧತಿಯ ಬಗ್ಗೆ ವಾಣಿಜ್ಯ ವಿಭಾಗಗಳು ಸುಮ್ಮನಿರುವುದು ಸರಿಯಲ್ಲ. ಮೂರ್ನಾಲ್ಕು ಕಂಪನಿಗಳ ಕರಾರುಗಳನ್ನು ಪಕ್ಕಪಕ್ಕ ಇಟ್ಟು, ಸೆಟ್ಲ್‌ಮೆಂಟ್, ವಾಪಸಾತಿ, ಚಾರ್ಜ್‌ಬ್ಯಾಕ್, ಖಾತೆ ಮುಚ್ಚುವಿಕೆಯ ಷರತ್ತುಗಳನ್ನು ಒಂದೇ ಹಾಳೆಯಲ್ಲಿ ಕನ್ನಡಕ್ಕೆ ಇಳಿಸುವ ಕೆಲಸವನ್ನು ಎಂ.ಕಾಂ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಡಬಹುದು.

ಅದರ ಮೊದಲ ಕರಡು ಮಧ್ಯಾಹ್ನದ ಗೋಷ್ಠಿಯಲ್ಲೇ ಸಿದ್ಧವಾಗಲಿ. ವ್ಯಾಪಾರಿಗಳು ಫೋನಿನಲ್ಲಿ ಕಳೆದ ತಿಂಗಳ ಸೆಟ್ಲ್‌ಮೆಂಟ್ ವರದಿ ತೆರೆದಿಟ್ಟುಕೊಂಡು ಬಂದರೆ, ಪ್ರತಿ ಮೇಜಿಗೆ ಒಬ್ಬ ಲೆಕ್ಕಪರಿಶೋಧಕರು ಕೂತು, ವಾಪಸ್ ಹೋದ ಆರ್ಡರುಗಳ ಶುಲ್ಕವನ್ನೂ ಸೇರಿಸಿ ಆ ತಿಂಗಳ ನಿಜವಾದ ದರ ಎಷ್ಟು ಬಿತ್ತೆಂದು ಲೆಕ್ಕ ಹಾಕಿಕೊಡಲಿದ್ದಾರೆ.