ಗುಲಗಂಜಿ ತೂಕ

ಸೋಸಲೆಯ ಹುಡುಗರೇ, ಹುಡುಗಿಯರೇ, ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇರುವುದು ನಿಮಗೆ ಗೊತ್ತು. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚಂತೆ. ಆ ಮಾತಿನಲ್ಲಿ ನನಗೆ ಹಿಡಿಸುವುದು ಹೆಮ್ಮೆಯಲ್ಲ, ತಕ್ಕಡಿ. ಕಾಶಿಯಂಥ ಕಾಶಿಯನ್ನೂ ನಮ್ಮ ಹಿರಿಯರು ತೂಗದೆ ಬಿಡಲಿಲ್ಲ!

ಈಗಿನ ಕಾಶಿ ವಿ.ಆರ್. (ವರ್ಚುವಲ್ ರಿಯಾಲಿಟಿ) ಕನ್ನಡಕ. ಹಾಕಿಕೊಂಡರೆ ರಕ್ತನಾಳದೊಳಗೇ ಸುತ್ತಾಡಿ ಬರಬಹುದು, ಇನ್ನು ಪುಸ್ತಕ ಯಾಕೆ ಅನ್ನುವವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕ್ಯಾಂಪಸ್ಸಿನ ಜೋಸ್ಲಿನ್ ಪರಾಂಗ್, ರಿಚರ್ಡ್ ಮೇಯರ್ ಈ ಮಾತನ್ನು ತೂಗಿ 2018ರಲ್ಲಿ ಪ್ರಕಟಿಸಿದರು. ಒಂದೇ ಪಾಠ, ಕೆಲವರಿಗೆ ಕನ್ನಡಕದಲ್ಲಿ, ಕೆಲವರಿಗೆ ಕಂಪ್ಯೂಟರಿನ ಸಾದಾ ಸ್ಲೈಡುಗಳಲ್ಲಿ. ಕನ್ನಡಕದವರಿಗೆ ಖುಷಿ ಹೆಚ್ಚು, ಪರೀಕ್ಷೆಯಲ್ಲಿ ಮಾತ್ರ ಸ್ಲೈಡಿನವರೇ ಮುಂದೆ. ಆದರೆ ಪಾಠವನ್ನು ನಡುನಡುವೆ ನಿಲ್ಲಿಸಿ, ಕಂಡದ್ದರ ಸಾರಾಂಶ ಬರೆಸಿದಾಗ ಕನ್ನಡಕದವರ ಕಲಿಕೆಯೂ ಏರಿತು. ಅಷ್ಟು ದುಬಾರಿ ಯಂತ್ರಕ್ಕೆ ಕೊನೆಗೆ ಆಸರೆಯಾದದ್ದು ನಾಲ್ಕು ಸಾಲಿನ ಬರವಣಿಗೆ.

ನಮ್ಮಲ್ಲೂ ಕೆಲಸ ನಡೆದಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯೊಂದು ಹಂಪಿಯನ್ನು ಕಂಪ್ಯೂಟರಿನೊಳಗೆ ಕಟ್ಟಲು ಹೊರಟಿತು; ಅದೇ ಡಿಜಿಟಲ್ ಹಂಪಿ. 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರು ಓಡಾಡಿದ ಹಂಪಿ ಅದು. ಅವರ ಮಠ ನಿಮ್ಮೂರಲ್ಲೇ ಇದೆ. ಆ ಡಿಜಿಟಲ್ ಹಂಪಿಯಲ್ಲಿ ಸುತ್ತಾಡಿದ ಏಳನೇ ಕ್ಲಾಸಿನ ಮಗುವಿನ ತಲೆಯಲ್ಲಿ ಏನು ಉಳಿದೀತು? ತೂಗುವವರು ಬೇಕು. ಬಿ.ಎಡ್. ಓದುವವರೇ, ಮೈಸೂರಿನ ಬಸ್ಸು ಹತ್ತುವ ಇಂಜಿನಿಯರಿಂಗ್ ಹುಡುಗರೇ, ನೀವೇ ಯಾಕಾಗಬಾರದು?

ದೊಡ್ಡ ಲ್ಯಾಬು ಬರಲೆಂದು ಕೂರಬೇಡಿ. ಕಾವೇರಿಗೆ ಕಪಿಲೆ ಸೇರುವ ಸಂಗಮಕ್ಕೆ ಹೋಗಿ. ದಡದ ಒಂದು ಮಂಟಪವನ್ನೋ ಕಲ್ಲನ್ನೋ ಸುತ್ತು ಹಾಕಿ, ಒಂದು ಚಿತ್ರದ ಅಂಚು ಇನ್ನೊಂದರಲ್ಲಿ ಬರುವಂತೆ ಫೋನಿನಲ್ಲಿ ತೆಗೆಯುತ್ತಾ ಬನ್ನಿ. ತಂತ್ರಾಂಶ ಅವನ್ನು ಹೆಣೆದು ತ್ರೀಡಿ ರೂಪ ಕೊಡುತ್ತದೆ. ಮೇಷ್ಟರ, ಮನೆಯವರ ಒಪ್ಪಿಗೆ ಪಡೆದು ಅರ್ಧ ತರಗತಿಗೆ ಅದನ್ನು ತೋರಿಸಿ, ಇನ್ನರ್ಧವನ್ನು ಹೊಳೆಗೇ ಕರೆದೊಯ್ಯಿರಿ. ಯಾರು ಯಾವ ಕಡೆ ಎಂಬುದು ಚೀಟಿ ಎತ್ತಿಯೇ ತೀರ್ಮಾನವಾಗಲಿ. ಜಾಣರೆಲ್ಲ ಒಂದೇ ಕಡೆ ಸೇರಿದರೆ ತಕ್ಕಡಿ ಮೊದಲೇ ವಾಲಿರುತ್ತದೆ. ಎರಡೂ ಗುಂಪಿಗೆ ಅವೇ ಪ್ರಶ್ನೆ, ಅಂದೇ ಒಮ್ಮೆ, ಹದಿನೈದು ದಿನ ಕಳೆದು ಮತ್ತೊಮ್ಮೆ. ಅಂದಿನ ಉತ್ಸಾಹ ಇಳಿದ ಮೇಲೆ ಉಳಿದದ್ದೇ ಕಲಿಕೆ. ಹೊಳೆ ಗೆದ್ದರೆ ಹಾಗೇ ಬರೆಯಿರಿ, ಪರದೆ ಗೆದ್ದರೂ ಮುಚ್ಚಿಡಬೇಡಿ. ಕಾಲು ಸ್ವಾಧೀನವಿಲ್ಲದೆ ಮೆಟ್ಟಿಲು ಇಳಿಯಲಾಗದ ಮಗುವಿಗೆ ಪರದೆಯೇ ಹೊಳೆ. ಆ ಲೆಕ್ಕವನ್ನು ಬೇರೆಯೇ ಇಡಿ.

ಶನಿವಾರ ಬೆಳಗಿನ ಶಾಲೆ. ಚೀಟಿಗಳನ್ನು ಶುಕ್ರವಾರ ರಾತ್ರಿಯೇ ಬರೆದಿಡಿ.