ಪರದೇಶದ ಗಳಿಕೆ, ಮುಪ್ಪಿನ ಆಸರೆ
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸಂಧಿ ಸಮಾಸಗಳನ್ನು ಬೋಧಿಸಿ ಹೊಟ್ಟೆ ಹೊರೆಯುವ ನನ್ನಂತಹವನು ಹಣದ ವಿಚಾರವನ್ನಾಡಲು ನಿಂತುದು ನಿಮಗೆ ಸೋಜಿಗವೆನಿಸಬಹುದು. ಕಾರ್ಯದರ್ಶಿಗಳು ನನ್ನಿಂದ ಕಾವ್ಯವಿಚಾರವನ್ನೇ ನಿರೀಕ್ಷಿಸಿದ್ದರು. ಆದರೆ ಕಳೆದ ಮಳೆಗಾಲದಲ್ಲಿ ನಡೆದ ಒಂದು ಪ್ರಸಂಗವು ನನ್ನ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿತು, ಅವರು ಮನ್ನಿಸಬೇಕು.

ನನ್ನೊಡನೆ ಒಂದೇ ಬೆಂಚಿನಲ್ಲಿ ಕುಳಿತು ಕಲಿತ ಗೆಳೆಯನೊಬ್ಬನು ಶಾರ್ಜಾದಲ್ಲಿ 24 ವರ್ಷ ದುಡಿದು ಊರಿಗೆ ಮರಳಿದನು. ತಿಂಗಳು ತಪ್ಪದೆ ಅಣ್ಣನ ಖಾತೆಗೆ ಹಣ ಕಳುಹಿದವನು ಅವನು. ಆ ಹಣದಿಂದ ಅಣ್ಣನ ಹೆಸರಿನಲ್ಲಿಯೇ ಅಡಕೆಯ ತೋಟವೂ ಆಯಿತು. ಅಣ್ಣನು ಹಠಾತ್ತನೆ ತೀರಿಕೊಂಡನು. ಈಗ ತೋಟವು ಅತ್ತಿಗೆಯದು, ಮಕ್ಕಳದು. "ಮಾರಾಯಾ, ನಾನು ಗಳಿಸಿದ್ದೆಲ್ಲ ಕಣ್ಣೆದುರೇ ಇದೆ, ನನ್ನ ಹೆಸರಿನಲ್ಲಿ ಮಾತ್ರ ಏನೂ ಇಲ್ಲ" ಎಂದನು. ಅತ್ತಿಗೆಯವರನ್ನು ಅವನು ದೂರಲಿಲ್ಲ. ನಾನೂ ದೂರಲಾರೆ, ಅವರಿಗೂ ಸಂಸಾರವಿದೆ.

ಅಣ್ಣನ ಹೆಸರಿನಲ್ಲಿ ಏಕೆ ಕೊಂಡೆಯೆಂದು ಕೇಳಿದೆ. ಹೊರದೇಶದಲ್ಲಿರುವವನು ಭೂಮಿಯನ್ನೇ ಕೊಳ್ಳಬಾರದೆಂದು ಯಾರೋ ಹೇಳಿದ್ದರಂತೆ. ಅದು ಅರ್ಧ ಸತ್ಯ. 1999ರ ವಿದೇಶಿ ವಿನಿಮಯ ಕಾನೂನಿನಂತೆ ಅನಿವಾಸಿಯು ಕೃಷಿಭೂಮಿ, ಪ್ಲಾಂಟೇಷನ್, ತೋಟದ ಮನೆ ಇವುಗಳನ್ನು ಕ್ರಯಕ್ಕೆ ಪಡೆಯುವಂತಿಲ್ಲ. ಆದರೆ ವಾಸದ ಮನೆಯನ್ನೂ ಅಂಗಡಿ ಕೋಣೆಯನ್ನೂ ಧಾರಾಳವಾಗಿ ಕೊಳ್ಳಬಹುದು; ಹಿರಿಯರಿಂದ ಬಂದ ತೋಟವನ್ನು ಉಳಿಸಿಕೊಳ್ಳಲೂಬಹುದು. ಅಡ್ಡದಾರಿಯಿಂದ ಪರರ ಹೆಸರಿನಲ್ಲಿ ಕೊಂಡರೆ 1988ರ ಬೇನಾಮಿ ಕಾನೂನು ಎದುರಾಗುತ್ತದೆ. 2016ರಲ್ಲಿ ಅದು ಇನ್ನಷ್ಟು ಬಿಗಿಯಾಗಿದೆ. ಹಣ ಕೊಟ್ಟವನು ನಾನೆಂದು ಕೋರ್ಟಿಗೆ ಹೋಗಿ ಬೇನಾಮಿ ಆಸ್ತಿಯನ್ನು ಮರಳಿ ಕೇಳುವ ದಾರಿಯೂ ಅಲ್ಲಿ ಮುಚ್ಚಿದೆ. ಅಡಕೆ ತೋಟವೆಂದರೆ ಪ್ರಾಣ ಬಿಡುವ ನಮ್ಮ ಕಾಸರಗೋಡಿನವರು ಇದನ್ನು ಮೊದಲು ತಿಳಿಯತಕ್ಕದ್ದು.

ಇನ್ನು ಆ ದೇಶದಿಂದ ಅವನಿಗೆ ದೊರೆತುದೇನು? ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ, ನಿಜ. ಆದರೆ ಅಲ್ಲಿನ ಪ್ರಜೆಗಳಿಗಿರುವ ಪಿಂಚಣಿಯೂ ನಮ್ಮವರಿಗಿಲ್ಲ. ಸೇವೆಯ ಕೊನೆಗೆ ಗ್ರಾಚ್ಯುಯಿಟಿ ಮಾತ್ರ: ಮೊದಲ ಐದು ವರ್ಷಗಳಿಗೆ ವರ್ಷವೊಂದಕ್ಕೆ 21 ದಿನಗಳ, ಆ ಬಳಿಕ ವರ್ಷಕ್ಕೆ 30 ದಿನಗಳ ವೇತನ, ಒಟ್ಟು ಎರಡು ವರ್ಷದ ವೇತನವನ್ನು ಮೀರಕೂಡದು. ನನ್ನ ಗೆಳೆಯನಿಗೆ 105 ಮತ್ತು 570, ಕೂಡಿದರೆ 675 ದಿನಗಳದು. ಎಂದರೆ ಇಪ್ಪತ್ತೆರಡೂವರೆ ತಿಂಗಳದು. ಅದೂ ಮೂಲವೇತನದ ಮೇಲೆ, ಭತ್ಯೆಗಳು ಲೆಕ್ಕಕ್ಕಿಲ್ಲ. ಇಪ್ಪತ್ತನಾಲ್ಕು ವರ್ಷದ ದುಡಿಮೆಗೆ ಎರಡು ವರ್ಷ ತುಂಬದ ಅನ್ನ!

ಆದುದರಿಂದ ಕಳುಹಿಸುವ ಹಣದಲ್ಲಿ ಒಂದು ಪಾಲಾದರೂ ಗಳಿಸಿದವನ ಹೆಸರಿನಲ್ಲಿಯೇ ನಿಲ್ಲಬೇಕು. ಅದಕ್ಕೆ ಎನ್.ಆರ್.ಇ. ಖಾತೆಯಿದೆ. ಹೊರಗಿನ ಗಳಿಕೆಯನ್ನು ಅದರಲ್ಲಿ ರೂಪಾಯಿಯಾಗಿ ಇಡಬಹುದು. ಅನಿವಾಸಿಯಾಗಿರುವ ತನಕ ಬಡ್ಡಿಗೆ ಇಲ್ಲಿ ಆದಾಯ ತೆರಿಗೆಯಿಲ್ಲ. ಅಸಲು ಬಡ್ಡಿ ಎರಡನ್ನೂ ಮರಳಿ ಒಯ್ಯಬಹುದು. ರೂಪಾಯಿಯ ಬೆಲೆ ಇಳಿದೀತೆಂದು ಅಂಜುವವರಿಗೆ ವಿದೇಶಿ ನಾಣ್ಯದಲ್ಲಿಯೇ ಒಂದರಿಂದ ಐದು ವರ್ಷದವರೆಗೆ ಇಡುವ ಎಫ್.ಸಿ.ಎನ್.ಆರ್. ಠೇವಣಿಯಿದೆ. ಊರಿನ ಬಾಡಿಗೆ ಮುಂತಾದ ಆದಾಯಕ್ಕೆ ಎನ್.ಆರ್.ಓ. ಖಾತೆ, ಅದರ ಬಡ್ಡಿಗೆ ಶೇಕಡಾ 30ರ ಮೇಲ್ಪಟ್ಟು ತೆರಿಗೆಯನ್ನು ಮೂಲದಲ್ಲಿಯೇ ಮುರಿದುಕೊಳ್ಳುತ್ತಾರೆ. ಮನೆಯವರ ಖರ್ಚಿಗೆ ಬೇಕಾದರೆ ಖಾತೆಯ ವ್ಯವಹಾರಕ್ಕೆ ಹೆಂಡತಿಗೋ ತಾಯಿಗೋ ಅಧಿಕಾರಪತ್ರ ಕೊಡಬಹುದು. ನಾಮನಿರ್ದೇಶನವನ್ನು ಮರೆಯಬಾರದು. ಊರಿಗೆ ಶಾಶ್ವತವಾಗಿ ಮರಳಿದೊಡನೆ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಬದಲಾಯಿಸತಕ್ಕದ್ದು.

ಠೇವಣಿಯೊಂದೇ ಸಾಲದು. 72ನ್ನು ಬೆಲೆಯೇರಿಕೆಯ ಪ್ರಮಾಣದಿಂದ ಭಾಗಿಸಿ ನೋಡಿರಿ: ವರ್ಷಕ್ಕೆ ಶೇಕಡಾ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಅಕ್ಕಿಯ ಬೆಲೆ ಇಮ್ಮಡಿ. ಭಾರತದ ಪ್ರಜೆಯಾಗಿರುವ ಅನಿವಾಸಿಗೆ ರಾಷ್ಟ್ರೀಯ ಪಿಂಚಣಿ ಯೋಜನೆಯು ತೆರೆದಿದೆ. ಅರುವತ್ತರ ಬಳಿಕ ಒಂದು ಭಾಗ ಇಡಿಗಂಟಾಗಿ, ಉಳಿದುದು ತಿಂಗಳ ಪಿಂಚಣಿಯಾಗಿ ಬರುವುದು. ಅದರಲ್ಲಿ ಷೇರುಗಳ ಏರಿಳಿತವೂ ಉಂಟು. ಎದೆ ಗಟ್ಟಿಯಿಲ್ಲದವರು ಷೇರಿನ ಪಾಲನ್ನು ಕಿರಿದಾಗಿಟ್ಟುಕೊಳ್ಳಲಿ. ಹೆಚ್ಚು ಬಡ್ಡಿಯ ಆಸೆ ತೋರಿಸುವ ನೋಂದಣಿಯಿಲ್ಲದ ಚಿಟ್ಟಿಗಳ ವಿಚಾರ ನಾನು ಹೇಳಬೇಕಾಗಿಲ್ಲ. ಅದರ ಬಿಸಿ ತಾಗಿದವರು ಈ ಸಭೆಯಲ್ಲಿಯೂ ಇರಬಹುದು.

ನಮ್ಮವರು ಕಡೆಗಣಿಸಿದ ಇನ್ನೊಂದು ಹಕ್ಕಿದೆ. 2008ರ ಕಾನೂನಿನಂತೆ ಕೇರಳದಲ್ಲಿ ಪ್ರವಾಸಿ ಕ್ಷೇಮನಿಧಿ ಮಂಡಳಿ ಸ್ಥಾಪಿತವಾಗಿದೆ. ಅರುವತ್ತರೊಳಗಿನ ಪ್ರವಾಸಿಗಳೂ ಮರಳಿ ಬಂದವರೂ ಸೇರಿ ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದರೆ ಅರುವತ್ತರಿಂದ ಪಿಂಚಣಿಯುಂಟು. 1956ರಿಂದ ನಾವು ಕೇರಳಕ್ಕೆ ಸೇರಿದವರು. ಮನೆಮಾತು ಕನ್ನಡವೋ ತುಳುವೋ ಬ್ಯಾರಿಯೋ ಆದ ಮಾತ್ರಕ್ಕೆ ಈ ಹಕ್ಕಿಗೆ ಕುಂದಿಲ್ಲ. ನಾನು ವಿಚಾರಿಸಿದ ಹಲವರಿಗೆ ಮಂಡಳಿಯ ಹೆಸರೇ ತಿಳಿದಿರಲಿಲ್ಲ.

ಗೆಳೆಯನಿಗೆ ಈಗ ನಾಲ್ವತ್ತೆಂಟು. ಅವನ ಅರ್ಜಿಯನ್ನು ನಾನೇ ತುಂಬಿಕೊಟ್ಟೆನು. ಸಭೆ ಮುಗಿದ ಬಳಿಕ ನಾನು ಹಿಂದಿನ ಕೋಣೆಯಲ್ಲಿರುತ್ತೇನೆ. ಕಾಗದಪತ್ರಗಳನ್ನು ತಂದವರು ಸಂಕೋಚಪಡದೆ ಬರಬೇಕು.